ಕಲ್ಯಾಣದ ಕೋಟೆ, ಚದುರಂಗದ ರಾಜ

ಪುಣೆಯಿಂದ ಹೈದರಾಬಾದಿನ ಕಡೆಗೆ ಸಾಗುವ ಹೆದ್ದಾರಿಯೂ ಬೀದರಿನಿಂದ ಕಲಬುರಗಿಯ ಕಡೆಗೆ ಇಳಿಯುವ ಹೆದ್ದಾರಿಯೂ ಹುಮನಾಬಾದಿನಲ್ಲಿ ಒಂದನ್ನೊಂದು ಹಾಯುತ್ತವೆ. ನಾಲ್ಕು ದಿಕ್ಕಿನ ಲಾರಿಗಳೂ ಕನ್ನಡ, ಮರಾಠಿ, ತೆಲುಗು, ದಖನಿ ಎಂಬ ನಾಲ್ಕು ನುಡಿಗಳೂ ಅಲ್ಲಿ ಒಂದೇ ಚಹದಂಗಡಿಯ ಮುಂದೆ ಕೂಡುತ್ತವೆ. 2017ರಲ್ಲಿ ಬೀದರ್–ಕಲಬುರಗಿ ರೈಲುಮಾರ್ಗ ತೆರೆದ ಮೇಲೆ ಈ ಊರನ್ನು ತಲುಪುವುದು ಮೊದಲಿನಷ್ಟು ಪ್ರಯಾಸಕರವಾಗಿ ಉಳಿದಿಲ್ಲ. ಆದರೂ ಇಲ್ಲಿ ಇಳಿಯುವ ಪ್ರವಾಸಿಗರಲ್ಲಿ ಬಹುಮಂದಿ ಊರಿನ ವೀರಭದ್ರೇಶ್ವರನಿಗೆ ಕೈಮುಗಿದು, ಬಂದ ಕಾಲಿನಲ್ಲೇ ಪಶ್ಚಿಮಕ್ಕೆ ತಿರುಗಿ ಬಸವಕಲ್ಯಾಣದ ಬಸ್ಸನ್ನು ಹಿಡಿಯುತ್ತಾರೆ. ಶರಣರ ನೆಲವನ್ನು ಕಾಣುವ ಹಂಬಲ ಅವರದು. ಅದು ಯೋಗ್ಯವಾದ ಹಂಬಲವೇ. ನಾನು ಈ ಸಲ ಅದೇ ದಾರಿಯನ್ನು ಹಿಡಿದದ್ದು ಚದುರಂಗದ ನೆಪದಿಂದ ಎಂದರೆ ವಾಚಕರು ನಗಬಹುದು.

ನೆಪಕ್ಕೆ ಆಧಾರವುಂಟು. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು, ಸುಮಾರು 1129ರಲ್ಲಿ, ‘ಮಾನಸೋಲ್ಲಾಸ’ವೆಂಬ ಬೃಹದ್ಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದನು. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಅದರ ಮತ್ತೊಂದು ಹೆಸರು. ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು. ಒಟ್ಟು ನೂರು ಅಧ್ಯಾಯಗಳು. ಅಡುಗೆಯಿಂದ ಆನೆಯ ಪಳಗಿಸುವಿಕೆಯವರೆಗೆ, ಚಿತ್ರಕಲೆಯಿಂದ ಕುಸ್ತಿಯವರೆಗೆ, ಅರಸನೊಬ್ಬನು ತಿಳಿದಿರಬೇಕಾದುದೆಲ್ಲವೂ ಅದರಲ್ಲಿದೆ. ಐದನೆಯ ವಿಂಶತಿ ಆಟಗಳಿಗೆ ಮೀಸಲು. ಅಲ್ಲಿ ಚತುರಂಗಕ್ಕೇ ಸುಮಾರು ಅರವತ್ತು ಶ್ಲೋಕಗಳು ಸಂದಿವೆ. ಬರೋಡೆಯ ಗಾಯಕವಾಡ ಪ್ರಾಚ್ಯಮಾಲೆಯಲ್ಲಿ ಈ ಗ್ರಂಥದ ಸಂಪುಟಗಳು 1925ರಿಂದ ಮೊದಲ್ಗೊಂಡು ಹೊರಬಂದರೂ, ಚದುರಂಗದ ಚರಿತ್ರೆ ಬರೆಯುವವರು ಆ ಶ್ಲೋಕಗಳತ್ತ ಬಹುಕಾಲ ಕಣ್ಣು ಹಾಯಿಸಲಿಲ್ಲ. 1995ರಲ್ಲಿ ಆಂದ್ರೆಯಾಸ್ ಬಾಕ್-ರಾಮಿಂಗ್ ಎಂಬ ಜರ್ಮನ್ ವಿದ್ವಾಂಸರು ಅವನ್ನು ತಮ್ಮ ಭಾಷೆಗೆ ತಂದು ವ್ಯಾಖ್ಯಾನ ಬರೆದರು. ನಮ್ಮ ನೆಲದ ಅರಸನೊಬ್ಬನ ಆಟದ ಪಾಠವನ್ನು ಜರ್ಮನಿಯವರು ತೆರೆದು ತೋರಿಸಬೇಕಾಯಿತೆಂಬುದು ಸ್ವಲ್ಪ ಸಂಕೋಚದ ಸಂಗತಿ.

ಅದೇ ಗ್ರಂಥದ ಮೊದಲ ವಿಂಶತಿ ರಾಜ್ಯವನ್ನು ಪಡೆಯುವ ಬಗೆಯನ್ನು ಹೇಳಿದರೆ, ಎರಡನೆಯದು ಪಡೆದ ರಾಜ್ಯವನ್ನು ಸ್ಥಿರವಾಗಿ ನಿಲ್ಲಿಸಿಕೊಳ್ಳುವ ಬಗೆಯನ್ನು ಹೇಳುತ್ತದೆ. ಸ್ವಾಮಿ, ಅಮಾತ್ಯ, ರಾಷ್ಟ್ರ, ಕೋಶ, ದುರ್ಗ, ಬಲ, ಸುಹೃತ್ತು ಎಂಬ ಸಪ್ತಾಂಗಗಳ ವಿವೇಚನೆ ಅಲ್ಲಿದೆ. ಸೋಮೇಶ್ವರನು 1138ರ ಸುಮಾರಿಗೆ ತೀರಿಕೊಂಡನು. ಅನಂತರ ಕಾಲು ಶತಮಾನ ತುಂಬುವ ಮೊದಲೇ ಅವನ ವಂಶದ ಕೈಯಿಂದ ಕಲ್ಯಾಣ ಜಾರಿಹೋಯಿತು. ಸ್ಥೈರ್ಯದ ಶಾಸ್ತ್ರವನ್ನು ಬರೆದವನ ಮನೆಯಲ್ಲೇ ಸ್ಥೈರ್ಯ ನಿಲ್ಲಲಿಲ್ಲ. ರಾಜನು ಎಷ್ಟು ಭದ್ರವಾಗಿದ್ದಾನೆಂಬುದನ್ನು ಅಳೆಯಲು ಸಾಧ್ಯವೇ? ಅರಮನೆಯಲ್ಲಿ ಆಗದ ಈ ಅಳತೆಯನ್ನು ಹಲಗೆಯ ಮೇಲಾದರೂ ಮಾಡಬಹುದೇ?

ಈ ಪ್ರಶ್ನೆ ನನ್ನ ತಲೆಯನ್ನು ಹೊಕ್ಕಿದ್ದಕ್ಕೆ ನನ್ನ ಸೋದರಳಿಯನು ಕಾರಣ. ಹುಮನಾಬಾದಿನಿಂದ ಹೊರಟ ಬಸ್ಸಿನಲ್ಲಿ ಅವನು ಕೈಫೋನಿನಲ್ಲಿ ಯಂತ್ರದೊಡನೆ ಚದುರಂಗವಾಡುತ್ತಿದ್ದನು. ಹಲಗೆಯ ಮೇಲೆ ಎರಡು ಪಕ್ಷಗಳಿಗೂ ಕಾಯಿಗಳು ಸಮಸಮ. ಒಂದು ಕಾಲಾಳೂ ಹೆಚ್ಚು ಕಡಮೆಯಿಲ್ಲ. ಆದರೂ ಯಂತ್ರ ಅವನ ಪಕ್ಷ ಎರಡು ಕಾಲಾಳುಗಳಷ್ಟು ಹಿಂದಿದೆಯೆಂದು ತೋರಿಸುತ್ತಿತ್ತು. “ಯಾಕಪ್ಪಾ?” ಎಂದೆ. “ನನ್ನ ರಾಜ ಬಯಲಲ್ಲಿದ್ದಾನೆ ಮಾವ,” ಎಂದನು. ಬಯಲೆಂಬುದನ್ನು ಯಂತ್ರ ಹೇಗೆ ಕಂಡಿತು? ಅದಕ್ಕೆ ಕಣ್ಣಿಲ್ಲ, ಅಂಜಿಕೆಯೂ ಇಲ್ಲ. ಹುಡುಗನು ಗಣಕಶಾಸ್ತ್ರ ಓದಿದವನಾದುದರಿಂದ ದಾರಿಯುದ್ದಕ್ಕೂ ವಿವರಿಸುತ್ತ ಬಂದನು. ಅದನ್ನು ನಾನು ಆಮೇಲೆ ಪುಸ್ತಕಗಳಲ್ಲಿ ಹುಡುಕಿ ನೋಡಿದ್ದೂ ಉಂಟು.

ಯಂತ್ರ ಮುಂದಿನ ನಡೆಗಳನ್ನೆಲ್ಲ ಎಣಿಸಿ ನೋಡುತ್ತದೆಂದು ನಾವು ತಿಳಿದಿರುತ್ತೇವೆ. ಅದು ಅರ್ಧ ಸತ್ಯ. ನಡೆಗೆ ಮೂವತ್ತು ದಾರಿ, ಆ ಒಂದೊಂದಕ್ಕೆ ಮತ್ತೆ ಮೂವತ್ತು ದಾರಿ ಎಂದು ಕವಲೊಡೆಯುವ ಮರವನ್ನು ತುದಿಯವರೆಗೆ ಹತ್ತಲು ಯಾವ ಯಂತ್ರಕ್ಕೂ ಆಗದು. ಎಲ್ಲೋ ಒಂದು ಕಡೆ ನಿಲ್ಲಬೇಕು. ನಿಂತಲ್ಲಿ ಸ್ಥಿತಿಯನ್ನು ನೋಡಿ ಅದಕ್ಕೊಂದು ಬೆಲೆ ಕಟ್ಟಬೇಕು. 1950ರಲ್ಲಿ ಕ್ಲಾಡ್ ಶಾನನ್ ಎಂಬ ಅಮೆರಿಕದ ಗಣಿತಜ್ಞನು ಈ ಬೆಲೆ ಕಟ್ಟುವ ಸೂತ್ರವನ್ನು ಮೊದಲು ಪ್ರಕಟಿಸಿದನು. ಮಂತ್ರಿಗೆ 9, ಆನೆಗೆ 5, ಒಂಟೆಗೂ ಕುದುರೆಗೂ 3, ಕಾಲಾಳಿಗೆ 1. ಆಂಗ್ಲರು ರಾಣಿಯೆನ್ನುವ ಕಾಯಿಯೇ ನಮ್ಮ ಮಂತ್ರಿಯೆಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು. ರಾಜನಿಗೆ ಶಾನನ್ ಕೊಟ್ಟ ಬೆಲೆ 200. ಉಳಿದ ಸೈನ್ಯವೆಲ್ಲ ಸೇರಿದರೂ ರಾಜನಿಗೆ ಸಾಟಿಯಾಗಬಾರದೆಂಬುದೇ ಆ ಅಂಕದ ಅರ್ಥ. ಆದರೆ ರಾಜನು ಹಲಗೆಯಿಂದ ಎಂದೂ ಹೋಗುವುದಿಲ್ಲವಾದುದರಿಂದ, 200 ಎಂಬ ಬೆಲೆ ಅವನ ಈಗಿನ ಕ್ಷೇಮದ ವಿಚಾರವಾಗಿ ಏನನ್ನೂ ಹೇಳುವುದಿಲ್ಲ. ಕ್ಷೇಮಕ್ಕೆ ಬೇರೆ ಲೆಕ್ಕ ಬೇಕು.

ಆ ಬೇರೆ ಲೆಕ್ಕವನ್ನು ಬಹು ಸೊಗಸಾಗಿ ಹಾಕಿದವನು ಇಂಗ್ಲೆಂಡಿನ ಆಲನ್ ಟ್ಯೂರಿಂಗ್. (ಈತನ ತಾಯಿಯ ತಂದೆ ಎಡ್ವರ್ಡ್ ಸ್ಟೋನಿ ಮದ್ರಾಸ್ ರೈಲ್ವೆಯ ಮುಖ್ಯ ಇಂಜಿನಿಯರನಾಗಿದ್ದು ನಮ್ಮ ತುಂಗಭದ್ರೆಗೆ ಸೇತುವೆ ಕಟ್ಟಿಸಿದವನು. ಪ್ರಪಂಚ ಚಿಕ್ಕದು.) ಟ್ಯೂರಿಂಗನ ಉಪಾಯ ಹೀಗಿದೆ: ರಾಜನು ನಿಂತ ಮನೆಯಲ್ಲಿ ಅವನ ಬದಲು ಮಂತ್ರಿ ನಿಂತಿದ್ದಾನೆಂದು ಭಾವಿಸಿರಿ. ಆ ಮಂತ್ರಿಗೆ ಅಲ್ಲಿಂದ ಎಷ್ಟು ಮನೆಗಳಿಗೆ ನಡೆಯುಂಟೆಂದು ಎಣಿಸಿ, ಆ ಎಣಿಕೆಯ ವರ್ಗಮೂಲವನ್ನು ನಿಮ್ಮ ಅಂಕದಿಂದ ಕಳೆಯಿರಿ. ಮಂತ್ರಿಗೆ ಹೊರಗೆ ಹೋಗಲು ಎಷ್ಟು ದಾರಿಗಳೋ ವೈರಿಗೆ ಒಳಗೆ ಬರಲು ಅಷ್ಟೇ ದಾರಿಗಳು ತಾನೆ! ಆಟದ ಆರಂಭದಲ್ಲಿ ತನ್ನವರ ನಡುವೆ ಒತ್ತಾಗಿ ನಿಂತ ರಾಜನಿಗೆ ಈ ಲೆಕ್ಕದಲ್ಲಿ ಸೊನ್ನೆ ನಷ್ಟ. ಬರಿದಾದ ಹಲಗೆಯ ನಡುವಿನ ಮನೆಯಲ್ಲಿ ನಿಂತರೆ 27 ದಾರಿಗಳು. ಮೂಲೆಯಲ್ಲಿ ನಿಂತರೆ 21. ಕಣ್ಣಿಲ್ಲದ ಯಂತ್ರಕ್ಕೆ ಬಯಲೆಂದರೇನೆಂದು ಹೇಳಿಕೊಡಲು ಇದಕ್ಕಿಂತ ಸರಳವಾದ ಮಾತು ಸಿಕ್ಕುವುದು ಕಷ್ಟ. 1952ರಲ್ಲಿ ಟ್ಯೂರಿಂಗನು ತನ್ನ ಸೂತ್ರಗಳನ್ನು ಯಂತ್ರವಿಲ್ಲದೆಯೇ, ಕಾಗದ ಪೆನ್ಸಿಲು ಹಿಡಿದು, ಒಂದೊಂದು ನಡೆಗೆ ಅರ್ಧ ಗಂಟೆಯಷ್ಟು ಕಾಲ ಕಳೆದು, ಸಹೋದ್ಯೋಗಿ ಆಲಿಕ್ ಗ್ಲೆನಿಯೊಡನೆ ಆಡಿ ನೋಡಿದನು. 29 ನಡೆಗಳಲ್ಲಿ ಸೂತ್ರ ಸೋತಿತು. ಆದರೆ ಹಾದಿ ಬಿದ್ದಿತು.

ಇಷ್ಟು ಹೊತ್ತಿಗೆ ನಮ್ಮ ಬಸ್ಸು ರಾಜೇಶ್ವರವನ್ನು ದಾಟಿ ಸಸ್ತಾಪುರ ಬಂಗ್ಲೆಯಲ್ಲಿ ಹೆದ್ದಾರಿಯನ್ನು ಬಿಟ್ಟು ಹೊರಳಿತು. ಅಲ್ಲಿಂದ ಬಸವಕಲ್ಯಾಣ ಕೆಲವೇ ಕಿಲೋಮೀಟರು. ತೊಗರಿಯ ಹೊಲಗಳು, ಕೆಂಪುಗಲ್ಲಿನ ದಿಣ್ಣೆಗಳು, ದೂರದಲ್ಲಿ 108 ಅಡಿಯ ಬಸವೇಶ್ವರ ಮೂರ್ತಿ. ಆ ಮೂರ್ತಿ ಎಷ್ಟು ದೂರಕ್ಕೆ ಕಾಣುತ್ತದೆಯೋ ಕೋಟೆ ಅಷ್ಟೇ ಹತ್ತಿರಕ್ಕೆ ಹೋಗುವವರೆಗೆ ಕಾಣುವುದಿಲ್ಲ. ಬೆಟ್ಟದ ನೆತ್ತಿಯ ಮೇಲೆ ಕಟ್ಟಿ ದೂರದಿಂದಲೇ ಹೆದರಿಸುವ ಚಿತ್ರದುರ್ಗದ ರೀತಿ ಇದರದಲ್ಲ. ಸುತ್ತಲಿನ ದಿಣ್ಣೆಗಳ ನಡುವಿನ ತಗ್ಗಿನಲ್ಲಿ, ನೆಲದ ಬಂಡೆಯ ಬಣ್ಣದ ಬಂಡೆಗಳಿಂದಲೇ ಎದ್ದು, ಇದು ಅಡಗಿ ಕುಳಿತಿದೆ. ಚದುರಂಗದಲ್ಲಿ ರಾಜನನ್ನು ಆನೆಯ ಮರೆಗೆ ಸರಿಸಿ ‘ಕೋಟೆ ಕಟ್ಟುವ’ ನಡೆಯಿದೆಯಲ್ಲ, ಅದನ್ನು ನೆಲದ ಮೇಲೆ ಮಾಡಿದರೆ ಹೀಗೆಯೇ ಇರುತ್ತದೆ.

ಕಂದಕ, ಕಂದಕದಾಚೆ ಗೋಡೆ, ಗೋಡೆಯಾಚೆ ಮತ್ತೊಂದು ಗೋಡೆ. ಬಾಗಿಲು ದಾಟಿದರೆ ಎದುರಿಗೆ ದಾರಿಯಿಲ್ಲ. ಓರೆಯಾಗಿ ಹೊರಳಬೇಕು, ಮತ್ತೆ ಬಾಗಿಲು, ಮತ್ತೆ ಹೊರಳು. ಆನೆಯನ್ನು ಓಡಿಸಿಕೊಂಡು ಬಂದು ಬಾಗಿಲಿಗೆ ಗುದ್ದಿಸಲು ನೇರವಾದ ದೌಡು ಸಿಕ್ಕಬಾರದೆಂಬ ಹಂಚಿಕೆ. ಅಖಂಡ ದರ್ವಾಜವೆಂಬ ಬಾಗಿಲಿನ ಚೌಕಟ್ಟಿನ ಶಿಲೆಗಳು ಎಷ್ಟು ದೊಡ್ಡವೆಂದರೆ, ಅವನ್ನು ಇಲ್ಲಿಗೆ ತಂದು ನಿಲ್ಲಿಸಿದವರ ತೋಳುಗಳನ್ನು ನೆನೆದು ತಲೆದೂಗಬೇಕು. ಒಳಗೆ ಮಹಲುಗಳ ಗೋಡೆಗಳು, ಕೊತ್ತಲಗಳ ಮೇಲೆ ಹಳೆಯ ತೋಪುಗಳು, ವಸ್ತುಸಂಗ್ರಹದಲ್ಲಿ ಜೈನ ವಿಗ್ರಹಗಳು. ಈಗ ನಾವು ನೋಡುವ ಕಟ್ಟಡದ ಹೆಚ್ಚು ಭಾಗ ಬಹಮನಿಗಳ ಕಾಲದ್ದು, ಅನಂತರದ್ದು. ಸೋಮೇಶ್ವರನು ಚದುರಂಗದ ಹಲಗೆ ಹಾಸಿದ ಮೊಗಸಾಲೆಯನ್ನು ಇಲ್ಲಿ ಹುಡುಕಿದರೆ ಸಿಕ್ಕದು. ಅವನ ಕಾಲದ ಕಲ್ಲು ಅಲ್ಲಲ್ಲಿ ಗೋಡೆಯಲ್ಲಿ ಸೇರಿಕೊಂಡು ಇಣುಕುತ್ತದೆ, ಅಷ್ಟೆ.

ಒಂದು ಕೊತ್ತಲದ ನೆರಳಿನಲ್ಲಿ ಕುಳಿತು ಹುಡುಗನು ಮುಂದಿನ ಪಾಠ ಒಪ್ಪಿಸಿದನು. ಟ್ಯೂರಿಂಗನ ಅನಂತರದವರು ರಾಜನ ಸುತ್ತ ಒಂದು ವಲಯವನ್ನು ಗುರುತಿಸಿದರು. ರಾಜನು ಒಂದು ಹೆಜ್ಜೆಯಲ್ಲಿ ತಲುಪಬಲ್ಲ ಮನೆಗಳು, ಅದರ ಜೊತೆಗೆ ವೈರಿಯ ದಿಕ್ಕಿನಲ್ಲಿ ಇನ್ನೆರಡು ಮೂರು ಮನೆಗಳು, ಇದೇ ರಾಜವಲಯ. ಈ ವಲಯದ ಮೇಲೆ ಯಾವ ಯಾವ ವೈರಿ ಕಾಯಿಗಳು ಕಣ್ಣಿಟ್ಟಿವೆಯೆಂದು ಯಂತ್ರ ಎಣಿಸುತ್ತದೆ. ಕ್ರಮಲೇಖಕರಲ್ಲಿ ಬಳಕೆಗೆ ಬಂದ ಒಂದು ಪಟ್ಟಿಯ ಪ್ರಕಾರ ಕುದುರೆಯೋ ಒಂಟೆಯೋ ವಲಯದ ಒಂದು ಮನೆಯನ್ನು ಮುಟ್ಟಿದರೆ 20, ಆನೆ ಮುಟ್ಟಿದರೆ 40, ಮಂತ್ರಿ ಮುಟ್ಟಿದರೆ 80. ಇಲ್ಲಿ 100 ಅಂಕವೆಂದರೆ ಒಂದು ಕಾಲಾಳಿನ ಬೆಲೆ. ಇಷ್ಟೇ ಆಗಿದ್ದರೆ ಇದು ಕಿರಾಣಿ ಅಂಗಡಿಯ ಲೆಕ್ಕವಾಗುತ್ತಿತ್ತು. ಸ್ವಾರಸ್ಯ ಮುಂದಿದೆ. ಹೀಗೆ ಬಂದ ಮೊತ್ತವನ್ನು ಮುತ್ತಿಗೆಗಾರರ ಸಂಖ್ಯೆಗೆ ತಕ್ಕಂತೆ ತೂಗುತ್ತಾರೆ. ಮುತ್ತುವವನು ಒಬ್ಬನೇ ಆದರೆ ನೂರಕ್ಕೆ ಸೊನ್ನೆ ಪಾಲು, ಇಬ್ಬರಾದರೆ 50, ಮೂವರಾದರೆ 75, ನಾಲ್ವರಾದರೆ 88.

ಉದಾಹರಣೆಗೆ ವೈರಿಯ ಮಂತ್ರಿಯೊಬ್ಬನೇ ಬಂದು ವಲಯದ ಎರಡು ಮನೆಗಳನ್ನು ಮುಟ್ಟಿದನೆನ್ನಿ. ಮೊತ್ತ 160, ಆದರೆ ಒಂಟಿಯಾದುದರಿಂದ ಪಾಲು ಸೊನ್ನೆ. ಯಂತ್ರ ಹೆದರುವುದಿಲ್ಲ. ಅವನ ಜೊತೆಗೆ ಒಂದು ಕುದುರೆ ಬಂದು ಒಂದು ಮನೆಯನ್ನು ಮುಟ್ಟಿತು: 180ರಲ್ಲಿ ಅರ್ಧ, 90. ಇನ್ನೊಂದು ಆನೆಯೂ ಕೂಡಿಕೊಂಡು ಒಂದು ಮನೆಯನ್ನು ಮುಟ್ಟಿತು: 220ರಲ್ಲಿ ಮುಕ್ಕಾಲು, 165. ಹಲಗೆಯಿಂದ ಒಂದು ಕಾಯಿಯೂ ಹೋಗಿಲ್ಲ; ಆದರೂ ಒಂದೂವರೆ ಕಾಲಾಳಿಗಿಂತ ಹೆಚ್ಚಿನ ನಷ್ಟ ಲೆಕ್ಕದಲ್ಲಿ ಬಿದ್ದಿತು. ಒಬ್ಬನ ಮುತ್ತಿಗೆ ಮುತ್ತಿಗೆಯಲ್ಲ. ಮೂವರು ಕೂಡಿದಾಗ ಅಪಾಯ ಮೂರು ಪಟ್ಟಲ್ಲ, ಬೇರೆಯೇ ಜಾತಿಯದು. ಸ್ಟಾಕ್‌ಫಿಶ್ ಎಂಬ ಈಗಿನ ಪ್ರಸಿದ್ಧ ಯಂತ್ರ ಹಿಂದೆ ಅಪಾಯದ ಅಂಕವನ್ನು ಅದೇ ಅಂಕದಿಂದ ಗುಣಿಸುತ್ತಿದ್ದುದೂ ಈ ಕಾರಣದಿಂದಲೇ. ವೈರಿಯ ಬಳಿ ಮಂತ್ರಿಯೇ ಇಲ್ಲದಿದ್ದರೆ ಅದು ಅಪಾಯದಿಂದ ದೊಡ್ಡ ಮೊತ್ತವನ್ನು ಒಮ್ಮೆಗೇ ಇಳಿಸುತ್ತಿತ್ತು.

ಕಾವಲಿನ ಲೆಕ್ಕ ಇದರ ಮತ್ತೊಂದು ಮಗ್ಗುಲು. ರಾಜನ ಮುಂದಿನ ಮೂರು ಕಾಲಾಳುಗಳು ಕದಲದೆ ನಿಂತಿದ್ದರೆ ಅಂಕ ಕೂಡುತ್ತದೆ. ಒಂದು ಮುಂದೆ ಸರಿದರೆ ಸ್ವಲ್ಪ ಕಳೆಯುತ್ತದೆ. ಬಿದ್ದುಹೋಗಿ ಆ ಸಾಲೇ ತೆರೆದರೆ ಬಹಳ ಕಳೆಯುತ್ತದೆ. ಎಲ್ಲ ಕಾಯಿಗಳಲ್ಲಿ ಕಾಲಾಳು ಮಾತ್ರ ಹಿಂದಕ್ಕೆ ಹೆಜ್ಜೆಯಿಡಲಾರನು. ಅವಸರದಲ್ಲಿ ಮುಂದಿಟ್ಟ ಕಾಲಾಳಿನ ಹಿಂದೆ ಬಿಟ್ಟ ಕಂಡಿಯನ್ನು ಅದೇ ಕಾಲಾಳಿನಿಂದ ಮುಚ್ಚಲಾಗುವುದಿಲ್ಲ.

ಕೂತಿದ್ದ ಜಾಗದ ಕೆಳಗಿನ ಕಂದಕವೇ ಇದಕ್ಕೆ ನಿದರ್ಶನ. 1657ರ ಬೇಸಗೆಯಲ್ಲಿ, ಬೀದರನ್ನು ಗೆದ್ದುಕೊಂಡ ಔರಂಗಜೇಬನು ಕಲ್ಯಾಣಿಯನ್ನು ಮುತ್ತಿದನು. ಆಗ ಇದು ಬಿಜಾಪುರದ ಆದಿಲಶಾಹಿಗಳದು. ಕಿಲ್ಲೇದಾರನು ದಿಲಾವರನೆಂಬ ಹಬಶಿ ವೀರ. ಮೊಗಲರು ಕಂದಕವನ್ನು ಗಿಡಗಂಟಿಗಳಿಂದ ತುಂಬಿ ದಾಟಲು ಹವಣಿಸಿದಾಗ ಒಳಗಿನವರು ಉರಿಯುವ ನಾಫ್ತಾ ಎಸೆದು ಆ ತುಂಬನ್ನೇ ಸುಟ್ಟುಬಿಟ್ಟರು. ಮತ್ತೆ ಕಲ್ಲುಮಣ್ಣು ಹೊತ್ತು ತುಂಬಬೇಕಾಯಿತು. ಹೊರಗೆ ಬಯಲಿನಲ್ಲಿ ಬಿಜಾಪುರದ ಸೈನ್ಯ ಮೊಗಲರ ಬೆನ್ನನ್ನು ಕಚ್ಚುತ್ತಲೇ ಇತ್ತು. ಆದರೂ ಕಂದಕ ತುಂಬಿತು, ಗೋಡೆಗೆ ಕೈ ಎಟುಕಿತು. ಮಳೆಗಾಲದ ನಡುವೆ ದಿಲಾವರನು ಕೋಟೆಯನ್ನು ಒಪ್ಪಿಸಿದನು. ಕಾಲಾಳುಗಳನ್ನು ಒಂದೊಂದೇ ಮನೆ ಮುಂದೂಡಿ ರಾಜನ ಮರೆಯನ್ನು ಒಡೆಯುವ ಆಟವನ್ನು ಬಲ್ಲವರಿಗೆ ಈ ಕಥೆಯ ಕ್ರಮ ಪರಿಚಿತವೆನಿಸುತ್ತದೆ.

ತೆರೆದ ಸಾಲಿಗೆ ನಿದರ್ಶನ ಬೇಕಾದರೆ ಹುಮನಾಬಾದಿನ ಹೆದ್ದಾರಿಗೇ ಮರಳಬೇಕು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆಯ ಮುಖ್ಯ ತುಕಡಿ ಸೊಲ್ಲಾಪುರದ ಕಡೆಯಿಂದ ನಿಜಾಮನ ಸೀಮೆಯನ್ನು ಹೊಕ್ಕಿತು. ನಳದುರ್ಗ, ಉಮರ್ಗಾ, ಹುಮನಾಬಾದ್, ಜಹೀರಾಬಾದ್, ಹೀಗೆ ಈ ದಾರಿಯನ್ನೇ ಹಿಡಿದು ಬಂದಿತು. 17ರಂದು ನಿಜಾಮನು ಯುದ್ಧವಿರಾಮ ಸಾರಿದನು. 18ರಂದು ಅವನ ಸೇನಾಪತಿ ಜನರಲ್ ಎಲ್ ಎದ್ರೂಸ್ ಮೇಜರ್ ಜನರಲ್ ಚೌಧುರಿಯವರಿಗೆ ಶರಣಾದನು. ಐದು ದಿನ! ಪಶ್ಚಿಮದ ಗಡಿಯಿಂದ ರಾಜಧಾನಿಯ ಹೆಬ್ಬಾಗಿಲವರೆಗೆ ಆನೆಯ ಸಾಲಿನಂತೆ ಬಿಚ್ಚಿಬಿದ್ದ ದಾರಿಯಲ್ಲಿ ಕಲ್ಯಾಣಿಯಂಥ ಹಳೆಯ ಕೋಟೆಗಳು ಬದಿಗೆ ನಿಂತು ನೋಡಿದವು. 1956ರಲ್ಲಿ ಈ ನಾಡು ಮೈಸೂರು ರಾಜ್ಯವನ್ನು ಸೇರಿತು.

ಕೋಟೆಯಿಂದ ಹೊರಬಿದ್ದು ನಾವು ತ್ರಿಪುರಾಂತಕ ಕೆರೆಯ ದಂಡೆಗೂ ಪರುಷಕಟ್ಟೆಗೂ ಹೋದೆವು. ಇಲ್ಲಿಯ ಅನುಭವ ಮಂಟಪ ಈ ಕಾಲದಲ್ಲಿ ಕಟ್ಟಿದುದು. ಇನ್ನೂ ವಿಶಾಲವಾದ ಹೊಸ ಮಂಟಪಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಯಂತ್ರದ ಲೆಕ್ಕದಲ್ಲಿ ನನಗೆ ತೊಡಕೆನಿಸಿದ್ದು ಈ ದಂಡೆಯ ಮೇಲೆಯೇ.

ಚಾಲುಕ್ಯರ ಕೈಯಿಂದ ಕಲ್ಯಾಣವನ್ನು ಕಿತ್ತುಕೊಂಡವನು ಹೊರಗಿನಿಂದ ಮುತ್ತಿಗೆ ಹಾಕಿದವನಲ್ಲ. ಮಂಗಳವಾಡದ ಕಳಚುರಿ ಬಿಜ್ಜಳನು ಚಾಲುಕ್ಯರ ಸ್ವಂತ ಮಹಾಮಂಡಲೇಶ್ವರ. ದುರ್ಬಲನಾದ ಮೂರನೆಯ ತೈಲಪನ ಕಾಲದಲ್ಲಿ ಅವನ ಬಲ ಹಂತಹಂತವಾಗಿ ಏರಿ, 1157ರಿಂದೀಚೆಗೆ ಅವನು ಸ್ವತಂತ್ರನಂತೆ ವರ್ತಿಸಿದನು. 1162ರ ಹೊತ್ತಿಗೆ ಸಿಂಹಾಸನ ಅವನದೇ ಆಗಿತ್ತು. ಆ ಬಿಜ್ಜಳನಾದರೂ ಸುರಕ್ಷಿತನಾದನೇ? ಅವನ ಭಂಡಾರಿಯಾಗಿದ್ದ ಬಸವಣ್ಣನವರು ಜಾತಿಯ ಗೋಡೆಗಳನ್ನು ಪ್ರಶ್ನಿಸಿದರು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಲಗ್ನವಾಯಿತು. ಅರಸನು ಬೀಗರಿಬ್ಬರಿಗೂ ಘೋರಶಿಕ್ಷೆ ವಿಧಿಸಿದನು. ಬಸವಣ್ಣನವರು ಕೂಡಲಸಂಗಮಕ್ಕೆ ತೆರಳಿದರು. ಬಿಜ್ಜಳನು ಜಗದೇವ ಮುಂತಾದವರ ಕೈಯಲ್ಲಿ ಹತನಾದನೆಂದು ಪರಂಪರೆ ಹೇಳುತ್ತದೆ. ಅವನು ಹತನಾದನೋ ಮಗನಿಗೆ ಪಟ್ಟವನ್ನು ಬಿಟ್ಟುಕೊಟ್ಟನೋ ಎಂಬಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. 1167–68ರ ಹೊತ್ತಿಗೆ ಅವನ ಆಳ್ವಿಕೆ ಮುಗಿದುದಂತೂ ನಿಜ.

ರಾಜವಲಯದಲ್ಲಿ ಯಂತ್ರ ಎಣಿಸುವುದು ಎದುರು ಬಣ್ಣದ ಕಾಯಿಗಳನ್ನು ಮಾತ್ರ. ತನ್ನ ಬಣ್ಣದ ಕಾಯಿ ರಾಜನ ಪಕ್ಕದಲ್ಲಿದ್ದರೆ ಅದು ಕಾವಲು. ಬಣ್ಣ ಬದಲಿಸುವ ಕಾಯಿ ಆ ಹಲಗೆಯಲ್ಲಿಲ್ಲ. ತೈಲಪನ ವಲಯವನ್ನು ಟ್ಯೂರಿಂಗನ ಸೂತ್ರದಿಂದ ಅಳೆದಿದ್ದರೆ ಬಿಜ್ಜಳನು ರಕ್ಷಕರ ಪಟ್ಟಿಯಲ್ಲಿ ಮೊದಲಿಗನಾಗಿ ಬರುತ್ತಿದ್ದನು. ಹುಡುಗನಿಗೆ ಇದನ್ನು ಹೇಳಿದೆ. “ಅದು ಆಟದ ನಿಯಮದಲ್ಲೇ ಇಲ್ಲವಲ್ಲ ಮಾವ,” ಎಂದು ಆಕ್ಷೇಪಿಸಿದನು. ನ್ಯಾಯವಾದ ಆಕ್ಷೇಪ. ಆದರೆ ಮಾನಸೋಲ್ಲಾಸದ ಸಪ್ತಾಂಗಗಳಲ್ಲಿ ಅಮಾತ್ಯನೂ ಮಿತ್ರನೂ ಎಣಿಕೆಗೆ ಬಂದಿರುವುದು, ಅವರನ್ನು ನೋಡಿಕೊಳ್ಳದಿದ್ದರೆ ದುರ್ಗವೊಂದೇ ಕಾಯದೆಂಬ ಅರಿವಿನಿಂದಲೇ ಇರಬೇಕು. ಬರೆದವನಿಗೆ ತಿಳಿದಿತ್ತು, ಉತ್ತರಾಧಿಕಾರಿಗಳ ಕೈಯಲ್ಲಿ ನಡೆಯಲಿಲ್ಲ.

ಸೋಮೇಶ್ವರನ ಕಾಲದ ಆಟವೂ ಈಗಿನದಕ್ಕಿಂತ ನಿಧಾನವಾದುದು. ಹಳೆಯ ಚತುರಂಗದ ಮಂತ್ರಿ ಮೂಲೆಯ ಓರೆಯಲ್ಲಿ ಒಂದೇ ಮನೆ ನಡೆಯುತ್ತಿದ್ದನು. ಹಲಗೆಯ ಈ ತುದಿಯಿಂದ ಆ ತುದಿಗೆ ಹಾರುವ ಬಲ ಅವನಿಗೆ ಬಂದದ್ದು ಹದಿನೈದನೆಯ ಶತಮಾನದ ಕೊನೆಗೆ, ಯುರೋಪಿನಲ್ಲಿ. ಕೋಟೆ ಕಟ್ಟುವ ನಡೆಯೂ ಅಲ್ಲಿಯದೇ. ನಮ್ಮ ಹಿರಿಯರ ಮನೆಯಾಟದಲ್ಲಿ ಅದರ ಬದಲು ಬೇರೆ ಸೌಲಭ್ಯವಿತ್ತು: ರಾಜನಿಗೆ ಇನ್ನೂ ಶಹ ಬಿದ್ದಿರದಿದ್ದರೆ ಒಂದೇ ಒಂದು ಸಲ ಅವನು ಕುದುರೆಯಂತೆ ನೆಗೆಯಬಹುದು. ಒಮ್ಮೆ ಶಹ ಬಿದ್ದರೆ ಆ ಹಕ್ಕು ಹೋಯಿತು. ಅವಕಾಶವಿದ್ದಾಗಲೇ ಅಡಗಬೇಕೆಂಬ ವಿವೇಕ ಎರಡು ಪದ್ಧತಿಗಳಲ್ಲೂ ಒಂದೇ.

ಆ ವಿವೇಕ ತಪ್ಪಿದ ಜಗತ್ಪ್ರಸಿದ್ಧ ಆಟ 1997ರ ಮೇ 11ರದು. ನ್ಯೂಯಾರ್ಕಿನಲ್ಲಿ ಜಗಜ್ಜೇತ ಕಾಸ್ಪರೋವ್ ಡೀಪ್ ಬ್ಲೂ ಯಂತ್ರದೊಡನೆ ಆರನೆಯ ಮತ್ತು ಕೊನೆಯ ಆಟಕ್ಕೆ ಕುಳಿತಿದ್ದರು. ಏಳನೆಯ ನಡೆಯಲ್ಲಿ ಅವರು ಅಂಚಿನ ಕಾಲಾಳನ್ನು ಒಂದು ಮನೆ ಮುಂದಿಟ್ಟರು. ರಾಜನು ಇನ್ನೂ ನಡುವಿನಲ್ಲೇ ಇದ್ದನು. ಎಂಟನೆಯ ನಡೆಗೆ ಯಂತ್ರ ಕುದುರೆಯನ್ನು ಬಲಿಕೊಟ್ಟು ರಾಜನ ಮುಂದಿನ ಗೋಡೆಯನ್ನು ಒಡೆಯಿತು. ಕೋಟೆ ಕಟ್ಟುವ ಅವಕಾಶವೇ ಕಪ್ಪು ರಾಜನಿಗೆ ದಕ್ಕಲಿಲ್ಲ. 19 ನಡೆಗಳಲ್ಲಿ ಕಾಸ್ಪರೋವ್ ಸೋಲೊಪ್ಪಿದರು. ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ನೋಡಬಲ್ಲ ಯಂತ್ರ ಅದಾಗಿದ್ದರೂ, ಆ ಬಲಿಯನ್ನು ಅದು ತಾನಾಗಿ ಕಂಡುಹಿಡಿದುದಲ್ಲ. ಮನುಷ್ಯರು ಮೊದಲೇ ತುಂಬಿಟ್ಟಿದ್ದ ಆರಂಭದ ನಡೆಗಳ ಪಟ್ಟಿಯಲ್ಲಿ ಅದು ಇತ್ತು.

ಯಂತ್ರಗಳ ಕಥೆ ಅಲ್ಲಿಗೆ ನಿಲ್ಲಲಿಲ್ಲ. 2018ರಲ್ಲಿ ಜಪಾನಿನ ಯು ನಾಸು ಎಂಬವರು ಅಲ್ಲಿಯ ಚದುರಂಗವಾದ ಶೋಗಿಗಾಗಿ ಒಂದು ಹೊಸ ಬಗೆಯ ನರಜಾಲವನ್ನು ರೂಪಿಸಿದರು; 2020ರಲ್ಲಿ ಸ್ಟಾಕ್‌ಫಿಶ್ ಅದನ್ನು ಅಳವಡಿಸಿಕೊಂಡಿತು. ಇದರಲ್ಲಿ ‘ಮೂರು ಕಾಲಾಳಿಗೆ ಇಷ್ಟು, ತೆರೆದ ಸಾಲಿಗೆ ಇಷ್ಟು’ ಎಂದು ಯಾರೂ ಬರೆದಿಡುವುದಿಲ್ಲ. ಅಸಂಖ್ಯ ಸ್ಥಿತಿಗಳನ್ನು ನೋಡಿ ಜಾಲವೇ ತೂಕಗಳನ್ನು ಕಲಿಯುತ್ತದೆ. ಕುತೂಹಲದ ಅಂಶವೆಂದರೆ, ಆ ಜಾಲ ಹಲಗೆಯನ್ನು ಓದುವುದೇ ರಾಜನಿಂದ. ರಾಜನು ನಿಲ್ಲಬಹುದಾದ 64 ಮನೆ, ರಾಜರನ್ನುಳಿದ 10 ಬಗೆಯ ಕಾಯಿ, ಅವು ನಿಲ್ಲಬಹುದಾದ 64 ಮನೆ. ಗುಣಿಸಿದರೆ 40,960 ಜೋಡಿಗಳು. ಕುದುರೆಯೊಂದು ಒಳ್ಳೆಯದೋ ಕೆಟ್ಟದೋ ಎಂಬುದಕ್ಕೆ ‘ರಾಜ ಎಲ್ಲಿದ್ದಾನೆ?’ ಎಂಬ ಮರುಪ್ರಶ್ನೆಯಿಲ್ಲದೆ ಅದು ಉತ್ತರಿಸದು. ಬೇರೆ ಕಾಯಿ ಕದಲಿದರೆ ಲೆಕ್ಕದ ಒಂದು ಚೂರನ್ನು ತಿದ್ದಿದರೆ ಸಾಕು. ರಾಜನು ಒಂದು ಮನೆ ಸರಿದರೆ ಅವನ ಪಕ್ಷದ ಲೆಕ್ಕವನ್ನೆಲ್ಲ ಹೊಸದಾಗಿ ಹಾಕಬೇಕು. ಮೊದಲನೆಯ ಸೋಮೇಶ್ವರನು ಹನ್ನೊಂದನೆಯ ಶತಮಾನದಲ್ಲಿ ರಾಜಧಾನಿಯನ್ನು ಮಾನ್ಯಖೇಟದಿಂದ ಈ ಕಲ್ಯಾಣಕ್ಕೆ ತಂದಾಗ ಎಷ್ಟು ಊರುಗಳ ಬೆಲೆ ಒಂದೇ ದಿನದಲ್ಲಿ ಏರಿತೋ, ಎಷ್ಟರದು ಇಳಿಯಿತೋ!

2023ರಲ್ಲಿ ಸ್ಟಾಕ್‌ಫಿಶ್‌ನಿಂದ ಮನುಷ್ಯರು ಬರೆದಿದ್ದ ಹಳೆಯ ಮೌಲ್ಯಮಾಪನವನ್ನು, ರಾಜವಲಯದ ಸೂತ್ರಗಳೂ ಸೇರಿದಂತೆ, ತೆಗೆದುಹಾಕಿದರು. ಅದು ಇಲ್ಲದೆಯೇ ಯಂತ್ರ ಚೆನ್ನಾಗಿ ಆಡುತ್ತಿತ್ತು. ಹಾಗಾದರೆ ರಾಜನ ಭದ್ರತೆಯೆಂಬುದು ಬರಿಯ ನಮ್ಮ ಕಲ್ಪನೆಯಾಗಿತ್ತೇ? ಅಲ್ಲವೆಂದು ತೋರುತ್ತದೆ. ಆಲ್ಫಾಜೀರೋ ಎಂಬ, ತನಗೆ ತಾನೇ ಎದುರಾಳಿಯಾಗಿ ಆಡಿ ಕಲಿತ ಜಾಲವನ್ನು ವಿಜ್ಞಾನಿಗಳು, ಮಾಜಿ ಜಗಜ್ಜೇತ ಕ್ರಾಮ್ನಿಕ್ ಅವರೊಡಗೂಡಿ, ಬಗೆದು ನೋಡಿ 2022ರಲ್ಲಿ ವರದಿ ಬರೆದರು. ಯಾರೂ ಹೇಳಿಕೊಡದಿದ್ದರೂ ರಾಜನ ಭದ್ರತೆಯಂಥ ಮಾನವ ಕಲ್ಪನೆಗಳ ಕುರುಹು ಅದರೊಳಗೆ ಮೂಡಿತ್ತು. ಆದರೆ ಹಳೆಯ ಯಂತ್ರವನ್ನು “ಯಾಕೆ ಹೆದರಿದೆ?” ಎಂದು ಕೇಳಿದರೆ ಲೆಕ್ಕದ ಸಾಲನ್ನು ತೋರಿಸಬಹುದಾಗಿತ್ತು, ಹೊಸದು ಒಂದು ಅಂಕ ಕೊಟ್ಟು ಸುಮ್ಮನಾಗುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಸೋತರೂ ಕಾರಣ ಹೇಳುತ್ತಿದ್ದ ಹಳೆಯದರ ಮೇಲೆಯೇ ಮಮತೆ. ಹುಡುಗನಿಗೆ ಗೆಲ್ಲುವುದೇ ಸಾಕು.

ಮರುದಿನ ಹುಮನಾಬಾದಿಗೆ ಹಿಂದಿರುಗಿ ಮಾಣಿಕನಗರಕ್ಕೆ ಹೋದೆವು. ಬಸವಕಲ್ಯಾಣದ ಸಮೀಪದ ಲಾಡವಂತಿಯಲ್ಲಿ 1817ರಲ್ಲಿ ಜನಿಸಿದ ಮಾಣಿಕಪ್ರಭುಗಳು ನೆಲೆನಿಂತು, 1865ರಲ್ಲಿ ಸಮಾಧಿಸ್ಥರಾದ ಸ್ಥಳವಿದು. ಎಲ್ಲ ಮತಗಳನ್ನೂ ಒಳಗೊಳ್ಳುವ ‘ಸಕಲಮತ’ ಸಂಪ್ರದಾಯ ಅವರದು. ಇಲ್ಲಿ ಕಂದಕವಿಲ್ಲ, ಓರೆ ಬಾಗಿಲೂ ಇಲ್ಲ. ಟ್ಯೂರಿಂಗನ ಲೆಕ್ಕದಲ್ಲಿ ಬಹಳ ಅಪಾಯದ ಜಾಗ. ಹಿಂದೂಗಳೂ ಮುಸಲ್ಮಾನರೂ ಎಲ್ಲ ದಿಕ್ಕುಗಳಿಂದ ನೇರವಾಗಿ ಒಳಗೆ ಬರುತ್ತಾರೆ.

ಹುಮನಾಬಾದಿಗೆ ಬಂದವರು ಜಲಸಂಗಿಯನ್ನು ನೋಡದೆ ಹೋಗಬಾರದು. ಊರಿನಿಂದ ಸುಮಾರು ಹತ್ತು ಕಿಲೋಮೀಟರು, ಆಟೋ ಸಿಕ್ಕುತ್ತದೆ. ಅಲ್ಲಿಯ ಚಾಲುಕ್ಯ ದೇವಾಲಯದ ಹೊರಗೋಡೆಯಲ್ಲಿ ಹೆಣ್ಣೊಬ್ಬಳು ಬೆನ್ನು ತಿರುಗಿಸಿ ನಿಂತು ಶಾಸನ ಬರೆಯುತ್ತಿದ್ದಾಳೆ. ಬರೆಯುತ್ತಿರುವುದು ಮಾನಸೋಲ್ಲಾಸದ ಕರ್ತೃವಿನ ತಂದೆ, 1076ರಿಂದ 1126ರವರೆಗೆ ಐವತ್ತು ವರ್ಷ ಆಳಿದ ವಿಕ್ರಮಾದಿತ್ಯನ ಹೊಗಳಿಕೆ. ಅವನ ಅರಮನೆಯ ಗೋಡೆ ಎಲ್ಲಿತ್ತೆಂದು ಈಗ ಯಾರೂ ಬೆರಳಿಟ್ಟು ತೋರಿಸಲಾರರು. ಇವಳ ಬೆರಳ ತುದಿಯ ಅಕ್ಷರಗಳು ಮಾತ್ರ, ಸಂಜೆಯ ಓರೆ ಬಿಸಿಲು ಬಿದ್ದಾಗ, ಇನ್ನೂ ಓದಲು ಬರುತ್ತವೆ. ಆದುದರಿಂದ ಮಧ್ಯಾಹ್ನ ಮೂರರ ಮೇಲೆ ಹೊರಡುವುದು ಒಳ್ಳೆಯದು.